ನಡೆಯದ ಮದುವೆಯ ಕರೆಯೋಲೆ

ಸುಮನಾಳಿಗೆ ಬಾಯಲ್ಲಿ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೇಳಹೊರಟರೆ ಕಿವಿ ಕೆಂಪಾಗಿ ಸಿಕ್ಕಿಬೀಳುತ್ತಿದ್ದಳು. ಸುಳ್ಳು ಬರೆಯುವುದರಲ್ಲಿ ಮಾತ್ರ ಎತ್ತಿದ ಕೈ. ಈಗ ಅದೇ ಅವಳ ಉದ್ಯೋಗವಾಗಿತ್ತು.

ಶಿವಮೊಗ್ಗದ ರವೀಂದ್ರನಗರದ ಬಾಡಿಗೆ ಮನೆಯ ಮಹಡಿಯಲ್ಲಿ ಕುಳಿತು ಅವಳು ಬೆಂಗಳೂರಿನ ಒಂದು ಕಂಪನಿಗೆ ದುಡಿಯುತ್ತಿದ್ದಳು. ಆಸ್ಪತ್ರೆಗಳ ರೋಗಿಗಳ ಕಡತ ನೋಡಿಕೊಳ್ಳುವ ಕಂಪನಿ. ಅದರ ನಾನ್ನೂರು ನೌಕರರಲ್ಲಿ ಮುಕ್ಕಾಲು ಪಾಲು ಜನ ಊರೂರುಗಳ ತಮ್ಮ ಮನೆಗಳಿಂದಲೇ ಕೆಲಸ ಮಾಡುವವರು. ಆಫೀಸಿಗಾದರೆ ಒಂದು ಬಾಗಿಲು, ಒಬ್ಬ ವಾಚ್‌ಮನ್. ಮನೆಯಿಂದ ಕೆಲಸ ಎಂದ ಮೇಲೆ ಮನೆಗೊಂದು ಬಾಗಿಲು. ಕಳ್ಳನೊಬ್ಬ ಕಳಿಸಿದ ಇ-ಮೇಲ್‌ನ ಲಿಂಕನ್ನು ಒಬ್ಬರು ಒತ್ತಿದರೂ ಸಾಕು, ಸಾವಿರಾರು ರೋಗಿಗಳ ಗುಟ್ಟು ಬೀದಿಗೆ ಬೀಳುತ್ತದೆ. ಅದಕ್ಕೇ ಕಳ್ಳನಿಗಿಂತ ಮೊದಲು ಸುಮನಾ ಕಳ್ಳ ಮೇಲ್ ಬರೆದು ಕಳಿಸಿ, ಯಾರು ಒತ್ತುತ್ತಾರೆಂದು ನೋಡುತ್ತಿದ್ದಳು. ಒತ್ತಿದವರಿಗೆ ಪಾಠ. ಮೂರನೆಯ ಸಲವೂ ಒತ್ತಿದರೆ ಮನೆಯಿಂದ ಕೆಲಸ ಬಂದ್, ಬೆಂಗಳೂರಿನ ಆಫೀಸಿಗೇ ಹೋಗಿ ಕೂರಬೇಕು.

"ಸುಳ್ಳು ಬರೆಯೋಕೂ ಸಂಬಳ ಕೊಡ್ತಾರೇನೇ ಮಾರಾಯ್ತಿ?" ಎಂದು ಅವಳ ತಾಯಿ ಮಾಸ್ತಮ್ಮ ಮೊದಮೊದಲು ಬೆರಗಾಗಿದ್ದಳು.

"ಕೊಡ್ತಾರೆ ಕಣಮ್ಮ. ಕಳ್ಳರನ್ನ ದೂರ ಇಡೋಕೆ."

"ಹಂಗಾದ್ರೆ ಚೆನ್ನಾಗೇ ಬರಿ."

ಕತೆ ಕಟ್ಟುವ ಈ ಗುಣ ಅವಳಿಗೆ ಹುಟ್ಟಿನಿಂದ ಬಂದದ್ದು. ಅಪ್ಪ ಓಬಯ್ಯ ಭದ್ರಾವತಿಯ ಕಾರ್ಖಾನೆಯಲ್ಲಿದ್ದ ಕಾಲದಲ್ಲಿ ಅವಳು ದಿನಾ ಬಸ್ಸಿನಲ್ಲಿ ಶಿವಮೊಗ್ಗದ ಕಾಲೇಜಿಗೆ ಬರುತ್ತಿದ್ದಳು. ಕಿಟಕಿಯಾಚೆ ಕಂಡ ಮನೆಗಳಿಗೆಲ್ಲ ಸಂಸಾರ ಕಟ್ಟುತ್ತಿದ್ದಳು. ಹಸಿರು ಬಾಗಿಲ ಮನೆಯ ಅಜ್ಜಿಗೆ ಕಿವಿ ಕೇಳದು, ತಗಡಿನ ಮನೆಯ ಹುಡುಗಿಗೆ ಇವತ್ತು ಗಂಡು ನೋಡಲು ಬರುತ್ತಾರೆ, ಹೀಗೆ. ಆ ಗಂಡನ್ನು ಒಪ್ಪಿಸುವಷ್ಟರಲ್ಲಿ ಇಳಿಯುವ ಸ್ಟಾಪು ಹಿಂದೆ ಹೋಗಿರುತ್ತಿತ್ತು. ಕಂಡಕ್ಟರುಗಳಿಗೂ ಅದು ಅಭ್ಯಾಸವಾಗಿತ್ತು.

ಆ ಏಪ್ರಿಲ್‌ನಲ್ಲಿ ಅವಳ ಗಾಳಕ್ಕೆ ಯಾರೂ ಬೀಳುತ್ತಿರಲಿಲ್ಲ. ಬ್ಯಾಂಕು ಎಂದರೆ ಜನ ಎಚ್ಚರವಾಗುತ್ತಿದ್ದರು, ಪಾರ್ಸೆಲ್ ಎಂದರೆ ನಗುತ್ತಿದ್ದರು. ಬೀದಿಯ ತುಂಬ ಮದುವೆಯ ವಾಲಗ ಕೇಳುತ್ತಿದ್ದ ಒಂದು ಮಧ್ಯಾಹ್ನ ಅವಳಿಗೆ ಹೊಳೆಯಿತು. ನಮ್ಮ ಜನ ಏನನ್ನಾದರೂ ಬಿಟ್ಟಾರು, ಲಗ್ನಪತ್ರಿಕೆಯನ್ನು ತೆರೆಯದೆ ಬಿಡುತ್ತಾರೆಯೇ? ಗುರುತಿಲ್ಲದ ಹೆಸರಾದರೆ ಇನ್ನೂ ಕುತೂಹಲ. ಅತ್ತೆ ಕಡೆಯವರೋ, ಹಳೆಯ ಬಾಡಿಗೆ ಮನೆಯವರೋ ನೋಡಲೇಬೇಕು.

ಹುಡುಗಿಗೆ ಇಂಪನಾ ಎಂದು ಹೆಸರಿಟ್ಟಳು, ಹುಡುಗನಿಗೆ ದುಷ್ಯಂತ್. ಛತ್ರ ಆಲ್ಕೊಳದಲ್ಲಿ. ಮೇಲ್ ಬರೆಯಲು ಹತ್ತು ನಿಮಿಷ ಸಾಕಿತ್ತು. ಇಡೀ ಮಧ್ಯಾಹ್ನ ಅವಳು ಆ ಮದುವೆಯೊಳಗೇ ಓಡಾಡಿದಳು. ಹುಡುಗಿಯ ಅಪ್ಪ ಸುಮ್ಮಸುಮ್ಮನೆ ಅಡುಗೆಮನೆಗೆ ಹೋಗಿ ಬರುತ್ತಿದ್ದ. ಮಲ್ಲಿಗೆ ಸಾಲದೆ ಯಾರೋ ಮಾರ್ಕೆಟ್ಟಿಗೆ ಓಡಿದರು. ಕೊನೆಗೆ ಪತ್ರಿಕೆಯ ನೆತ್ತಿಯಲ್ಲಿ, ಯಾರಿಗೆ ಹೋಗುತ್ತದೋ ಅವರ ಹೆಸರು ತಾನೇ ಬಂದು ಕೂರುವಂತೆ ಮಾಡಿ, ಕೆಳಗೆ ಒಂದು ಸಾಲು ಸೇರಿಸಿದಳು: "ನೀವು ಬರದಿದ್ದರೆ ನಮಗಿದು ಮದುವೆ ಅನ್ನಿಸುವುದಿಲ್ಲ."

ಹನ್ನೊಂದು ಜನ ಒತ್ತಿದರು. ಸುಮನಾ ಒಳಗೊಳಗೇ ಬೀಗಿದಳು. ಪಟ್ಟಿಯನ್ನು ಸರಿಯಾಗಿ ಓದಿದಾಗ ಜಂಬ ಇಳಿಯಿತು. ಒಬ್ಬರಿಗೆ ಅದು ಮೂರನೆಯ ತಪ್ಪು. ಮಂಜುಶ್ರೀ, ಭದ್ರಾವತಿ ಹಳೇನಗರ, ನಲವತ್ತೆರಡು ವರ್ಷ. ಎಳವೆಯಲ್ಲೇ ಪೋಲಿಯೊದಿಂದ ಒಂದು ಕಾಲು ಸೋತಿತ್ತು. ಹೋದ ವರ್ಷ ಸಿಕ್ಕಿದ ಈ ಕೆಲಸವೇ ಬದುಕಿನ ಮೊದಲ ಕೆಲಸ. ಪಟ್ಟಿ ಶುಕ್ರವಾರ ಸಂಜೆಯೊಳಗೆ ಬೆಂಗಳೂರಿನಲ್ಲಿದ್ದ ಮೇಲಧಿಕಾರಿ ಶ್ರೇಯಸ್ ಕೈ ಸೇರಬೇಕಿತ್ತು.

ಗಾಳ ಹಾಕಿದವರು ಸಿಕ್ಕಿಬಿದ್ದವರಿಗೆ ಮುಖ ತೋರಿಸುವಂತಿಲ್ಲ. ಗುರುವಾರ ಮಧ್ಯಾಹ್ನ ಸುಮನಾ ಆ ನಿಯಮ ಮುರಿದು ಭದ್ರಾವತಿ ಬಸ್ಸು ಹತ್ತಿದಳು. ಸೋಗಾನೆಯ ನಿಲ್ದಾಣದ ಕಡೆ ವಿಮಾನವೊಂದು ಸದ್ದಿಲ್ಲದೆ ಕೆಳಗಿಳಿಯುತ್ತಿತ್ತು. ಬಿಸಿಲಲ್ಲಿ ರಸ್ತೆ, ಮನೆಗಳು, ಎಲ್ಲವೂ ಅರೆನಿದ್ದೆಯಲ್ಲಿದ್ದವು. ಆದರೂ ಅವಳಿಗೆ ಆ ದಿನ ಒಂದು ಮನೆಗೂ ಕತೆ ಕಟ್ಟಲಾಗಲಿಲ್ಲ.

ಊರುಗೋಲಿನ ಮೇಲೆ ಭಾರ ಬಿಟ್ಟು ಮಂಜುಶ್ರೀಯೇ ಬಾಗಿಲು ತೆರೆದಳು. ಕಂಪನಿಯ ಹೆಸರು ಕೇಳಿದ್ದೇ ಮುಖ ಸಣ್ಣಗಾಯಿತು. "ಬನ್ನಿ. ಇಷ್ಟು ಬೇಗ ಬರ್ತೀರ ಅಂದ್ಕೊಂಡಿರ್ಲಿಲ್ಲ" ಎಂದಳು.

"ಅದು ಸುಳ್ಳು ಅಂತ ಗೊತ್ತಾಗ್ಲಿಲ್ವಾ?"

"ಅರ್ಧ ಗೊತ್ತಾಯ್ತು ಮೇಡಂ. ಇಂಪನಾ ಅನ್ನೋರು ನಮಗೆ ಯಾರೂ ಇಲ್ಲ. ಆದ್ರೆ ನನ್ನ ಹೆಸರಿತ್ತಲ್ಲ." ಅವಳು ಊರುಗೋಲನ್ನು ಗೋಡೆಗೆ ಒರಗಿಸಿ ಕುಳಿತಳು. "ನಮ್ಮನೆಗೂ ಕಾರ್ಡ್ ಬರುತ್ತೆ. ಅಣ್ಣನ ಹೆಸರು ಬರೆದು, ಮುಂದೆ 'ಕುಟುಂಬದವರು' ಅಂತ. ಅಣ್ಣ ಅತ್ತಿಗೆ ಹೋಗಿ ಬರ್ತಾರೆ. ಇವಳನ್ನ ಕರೆದು ಯಾಕೆ ತೊಂದ್ರೆ ಕೊಡೋದು ಅಂತ ನನ್ನನ್ನ ಯಾರೂ ಕರೆಯಲ್ಲ. ಒಳ್ಳೇದಕ್ಕೇ ಹಂಗೆ ಮಾಡ್ತಾರೆ. ನನ್ನ ಹೆಸರು ಹಾಕಿ ಬಂದ ಮೊದಲ್ನೇ ಕರೆಯೋಲೆ ಅದು. ಬೇಡ ಬೇಡ ಅಂತಲೇ ಒತ್ತಿಬಿಟ್ಟೆ."

ಸುಮನಾ ತಲೆ ತಗ್ಗಿಸಿದಳು. ನಾಚಿಕೆಯಿಂದ ಮೈ ಹಿಡಿಯಾಯಿತು. "ಅದನ್ನ ಬರೆದೋಳು ನಾನೇ" ಎಂದಳು.

ಮಂಜುಶ್ರೀ ಬೈಯಲಿಲ್ಲ. ಅವಳನ್ನೇ ನೋಡಿ, "ಹಂಗಾದ್ರೆ ನಿಮಗೆ ಗೊತ್ತಿರುತ್ತಲ್ಲ. ಮದುವೆ ಹೆಂಗಾಯ್ತು ಹೇಳಿ" ಎಂದಳು.

ಸುಮನಾ ಹೇಳಿದಳು. ಇಂಪನಾ ಅರಿಶಿನ ಬಣ್ಣದ ಸೀರೆ ಉಟ್ಟಿದ್ದಳು. ಧಾರೆಯ ಹೊತ್ತಿಗೆ ಕರೆಂಟು ಹೋಗಿ ವಾಲಗದವರು ಇನ್ನೂ ಜೋರಾಗಿ ಊದಿದರು. ಮಂಜುಶ್ರೀ ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ಹುಡುಗಿಯ ತಾಯಿ ಬಂದು ಅವಳ ಕೈ ಹಿಡಿದು, ಬಂದಿರಲ್ಲ, ಅಷ್ಟೇ ಸಾಕು ಎಂದಳು. ಹೇಳುತ್ತ ಹೇಳುತ್ತ ಆ ಪುಟ್ಟ ಕೋಣೆಯಲ್ಲಿ ಮಲ್ಲಿಗೆ ಘಮಘಮಿಸಿದಂತಾಯಿತು. ಮಂಜುಶ್ರೀ ಕಣ್ಣು ಮುಚ್ಚಿಕೊಂಡು, "ಊಟಕ್ಕೆ ಏನಿತ್ತು?" ಎಂದಳು. ಹೋಳಿಗೆಗೆ ತುಪ್ಪ ಬಡಿಸುವವನು ಎರಡನೆಯ ಸಲವೂ ಬಂದ. ಹೊರಗೆ ಕುಕ್ಕರ್ ರಿಪೇರಿಯವನು ಕೂಗುತ್ತ ಹೋದದ್ದು ಇಬ್ಬರಿಗೂ ಕೇಳಿಸಲಿಲ್ಲ.

ಹೊರಡುವಾಗ ಸುಮನಾ, "ಪಟ್ಟಿಯಿಂದ ನಿಮ್ಮ ಹೆಸರು ಬಿಟ್ಟುಬಿಡ್ತೀನಿ" ಎಂದಳು.

"ಬೇಡ ಮೇಡಂ. ನಿಜವಾದ ಕಳ್ಳನೂ ನನ್ನ ಹೆಸರು ಹಿಡ್ದೇ ಕರೀತಾನಲ್ವಾ? ನಾನು ಮತ್ತೆ ಓಗೊಡ್ತೀನಿ. ಯಾರದೋ ಕಾಯಿಲೆ ವಿಷಯ ಬೀದಿಪಾಲಾಗೋದು ಬೇಡ. ಬರೀರಿ." ಅವಳು ಊರುಗೋಲನ್ನು ಕೈಗೆತ್ತಿಕೊಂಡಳು. "ಬೆಂಗಳೂರಿಗೆ ಹೋಗಿ ಇರೋಕೆ ಮಾತ್ರ ನನ್ನಿಂದಾಗಲ್ಲ. ಕೆಲಸ ಹೋಗುತ್ತೆ, ಅಷ್ಟೆ."

ಶುಕ್ರವಾರ ಸುಮನಾ ಆ ಹೆಸರನ್ನು ಬರೆದೇ ಕಳಿಸಿದಳು. ಭದ್ರಾವತಿಗೆ ಹೋಗಿದ್ದನ್ನೂ ಬರೆದಳು. ಶ್ರೇಯಸ್ ಫೋನಿನಲ್ಲಿ ರೇಗಾಡಿದ. "ಒಬ್ಬರಿಗೊಂದು ರೂಲ್ ಮಾಡೋಕಾಗಲ್ಲ ಸುಮನಾ."

"ಆಫೀಸಲ್ಲಿ ಕೂತ್ರೂ ಇದೇ ಮೇಲ್ ಬರುತ್ತೆ ಸರ್. ಬೆಂಗಳೂರಿಗೆ ಕರೆಸಿದ ಮಾತ್ರಕ್ಕೆ ಯಾರೂ ಹುಷಾರಾಗಲ್ಲ. ಮನೇಲೇ ಕಲಿಸೋಣ. ನಾನು ಕಲಿಸ್ತೀನಿ."

ಬಹಳ ಹೊತ್ತು ವಾದ ನಡೆಯಿತು. ಕಡೆಗೆ ಅವನು ಮೂರು ತಿಂಗಳು ಕೊಟ್ಟ. ಅಷ್ಟರಲ್ಲಿ ಇನ್ನೊಂದು ತಪ್ಪಾದರೆ ಕೆಲಸವೇ ಇಲ್ಲ. ಸುಮನಾ ಅಂದಿನಿಂದ ವಾರಕ್ಕೆರಡು ದಿನ ಫೋನಿನಲ್ಲಿ ಪಾಠ ಹೇಳಿದಳು. ಏನೇ ಬರಲಿ, ಮೊದಲು ಮುಟ್ಟಬೇಡಿ. ಕಳಿಸಿದವರನ್ನೇ ಕೇಳಿ. ಮೇಲ್‌ನಲ್ಲಿರುವ ನಂಬರಿಗಲ್ಲ, ನಿಮಗೆ ಮೊದಲೇ ಗೊತ್ತಿರುವ ನಂಬರಿಗೆ ಫೋನ್ ಮಾಡಿ. ಮಂಜುಶ್ರೀ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಜೂನ್‌ನಲ್ಲಿ, ಭದ್ರಾವತಿಯಲ್ಲೇ ಇದ್ದ ಸುಮನಾಳ ತಮ್ಮ ಹಾಲೇಶನ ಮಗುವಿಗೆ ನಾಮಕರಣ ಗೊತ್ತಾಯಿತು. ಸುಮನಾ ಖುಷಿಯಲ್ಲಿ ಮಂಜುಶ್ರೀಯ ಹೆಸರು ಬರೆದು ಮೊಬೈಲಿಗೆ ಒಂದು ಆಮಂತ್ರಣ ಕಳಿಸಿದಳು. ಹತ್ತು ನಿಮಿಷಕ್ಕೆ ಫೋನ್ ಬಂತು.

"ಮೇಡಂ, ನಿಮ್ಮ ನಂಬರಿಂದ ಒಂದು ಕರೆಯೋಲೆ ಬಂದಿದೆ. ನನ್ನ ಹೆಸರಿದೆ. ನಾನು ಮುಟ್ಟಿಲ್ಲ. ನೀವೇ ಕಳ್ಸಿದ್ದಾ?"

"ನಾನೇ ಮಂಜುಶ್ರೀ. ನಿಜ."

"ಪರೀಕ್ಷೆ ಅಲ್ಲ ತಾನೇ?"

ಕಲಿಸಿದ್ದನ್ನು ಅಕ್ಷರ ಬಿಡದೆ ಕಲಿತಿದ್ದಳು. ಸುಮನಾಳಿಗೆ ಹೆಮ್ಮೆಯಾಗಬೇಕಿತ್ತು, ಆಗಲಿಲ್ಲ. "ಅದನ್ನ ಅಳಿಸಿಬಿಡಿ. ತೆರೆಯೋದೇ ಬೇಡ. ನಾನೇ ಬರ್ತೀನಿ. ಬಾಯಲ್ಲಿ ಸುಳ್ಳು ಹೇಳಿದ್ರೆ ನನ್ನ ಕಿವಿ ಕೆಂಪಾಗುತ್ತೆ, ನೀವೇ ನೋಡಿ" ಎಂದಳು.

ತಾಯಿಯ ಕುಂಕುಮದ ಭರಣಿಯನ್ನು ಬ್ಯಾಗಿಗೆ ಹಾಕಿಕೊಂಡು ಮುಂದಿನ ಬಸ್ಸಿಗೇ ಹೊರಟಳು. ಹಳೇನಗರದ ಆ ಬಾಗಿಲಲ್ಲಿ ನಿಂತು ಮಂಜುಶ್ರೀಯ ಹಣೆಗೆ ಕುಂಕುಮ ಇಟ್ಟಳು. "ಭಾನುವಾರ ನಮ್ಮ ಹಾಲೇಶನ ಮಗೂಗೆ ಹೆಸರಿಡ್ತೀವಿ. ನೀವು ಬರ್ಲೇಬೇಕು."

ಮಂಜುಶ್ರೀ ಅವಳ ಕಿವಿಯನ್ನೊಮ್ಮೆ ನೋಡಿದಳು. ಕೆಂಪಾಗಿರಲಿಲ್ಲ. ಆಮೇಲೆ ಊರುಗೋಲನ್ನು ಸರಿಯಾಗಿ ಹಿಡಿದುಕೊಂಡು ಕೇಳಿದಳು:

"ಅಲ್ಲಿ ಮೆಟ್ಟಿಲು ಎಷ್ಟಿವೆ?"