ಮಹಾನಂದಾ ಕಳಿಸಿದ್ದಲ್ಲ

ಕಸ್ತೂರಿ, ಆ ಒಡಪನ್ನು ಯಮಕನಮರಡಿಗೆ ಕಳಿಸಿದವಳು ನಾನು. ನಿನ್ನ ದೊಡ್ಡವ್ವನ ಮಗಳು ಮಹಾನಂದಾ ಅಲ್ಲ. ಗೊತ್ತಾಗಿದ್ದ ನಿನ್ನ ಮದುವೆ ಮುರಿದದ್ದು ನನ್ನ ಫೋನಿನಿಂದ. ಇಷ್ಟು ವರ್ಷ ನೀನು ಅವಳ ಜೊತೆ ಮಾತು ಬಿಟ್ಟಿದ್ದೀಯ, ನನ್ನ ಜೊತೆ ದಿನವೂ ಮಾತಾಡುತ್ತೀಯ — ಅದು ತಿರುವುಮುರುವಾಗಬೇಕಿತ್ತು.

ನಾಳೆ ಅಂಗಡಿಗೆ ಸೂಟಿ. ಮೂಡಲಗಿಗೆ ಬಂದು ನಿನ್ನ ಎದುರಿಗೇ ಇದನ್ನು ಹೇಳಬೇಕೆಂದಿದ್ದೇನೆ. ಆದರೆ ನನ್ನನ್ನು ನಾನು ಬಲ್ಲೆ. ನೀನು ಬಾಗಿಲು ತೆಗೆದು, "ಬಾರಬೇ ಶೋಭಿ, ಸುದ್ದಿ ಕೇಳಿದಿ?" ಎಂದರೆ ಸಾಕು, ನಕ್ಕು ಒಳಗೆ ಬಂದು ಕೂತುಬಿಡುತ್ತೇನೆ. ಚಹಾ ಬರುತ್ತದೆ, ಯಾವಳೋ ನಟಿಯ ಎರಡನೇ ಮದುವೆಯ ಮಾತು ಬರುತ್ತದೆ, ಬಸ್ಸಿನ ಹೊತ್ತಾಗುತ್ತದೆ. ಹಾಗೆ ಎಷ್ಟೋ ಸಲ ಆಗಿದೆ. ಅದಕ್ಕೇ ಓದುವವರೆಲ್ಲರ ಮುಂದೆ ಮೊದಲು ಇಲ್ಲಿ ಹೇಳಿಬಿಡುತ್ತಿದ್ದೇನೆ, ಆಮೇಲೆ ಹಿಂದೆ ಸರಿಯಲು ಆಗಬಾರದು.

ನಮ್ಮನ್ನು ಅರಿಯದವರಿಗೆ ನಾಲ್ಕು ಮಾತು ಹೇಳಬೇಕು. ಘಟಪ್ರಭಾದ ಸ್ಟೇಷನ್ ರಸ್ತೆಯಲ್ಲಿ ಒಂದು ಸೀರೆ ಅಂಗಡಿ. ನೀನು ಮತ್ತು ನಾನು ಅಲ್ಲಿ ಕೆಲಸಕ್ಕಿದ್ದೆವು. ನಾನು ಈಗಲೂ ಇದ್ದೇನೆ. ನೀನು ನಾಗನೂರಿನಿಂದ ಬರುತ್ತಿದ್ದೆ. ನಿಮ್ಮ ಮನೆಯ ಗೋಡೆಯ ಮೇಲೆ ಬಸವಣ್ಣ, ನಮ್ಮ ಮನೆಯ ಗೋಡೆಯ ಮೇಲೆ ಬುದ್ಧ. ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಊಟದ ಹೊತ್ತಿಗೆ ಉಳಿದವರು ನನ್ನಿಂದ ಸ್ವಲ್ಪ ಸರಿದು ಕೂತರು. ನೀನು ಬಂದೆ, ಕೇಳದೆಯೇ ನನ್ನ ಡಬ್ಬಿ ತೆಗೆದೆ, ಬದನೆಕಾಯಿ ಪಲ್ಯ ಬಾಯಿಗಿಟ್ಟೆ, "ಉಪ್ಪ ಕಮ್ಮಿ ಆಗೇತಿ. ನಾಳೆ ಸರಿ ಮಾಡ್ಕೊಂಡ ಬಾ" ಎಂದೆ. ಮರುದಿನದಿಂದ ನಾನು ಇಬ್ಬರಿಗಾಗುವಷ್ಟು ಪಲ್ಯ ತರತೊಡಗಿದೆ.

ಮಧ್ಯಾಹ್ನ ಗಿರಾಕಿ ಕಡಿಮೆ. ಬೆಳಗಿನಿಂದ ಬಿಚ್ಚಿ ತೋರಿಸಿದ ಸೀರೆಗಳ ರಾಶಿ ಮುಂದಿರುತ್ತಿತ್ತು. ಆ ತುದಿ ನೀನು, ಈ ತುದಿ ನಾನು ಹಿಡಿದು ಮಡಚುತ್ತ ಸಿನಿಮಾ ಮಂದಿಯ ಸಂಸಾರಗಳನ್ನೂ ಬಿಚ್ಚಿ ಮಡಚುತ್ತಿದ್ದೆವು. ಯಾರು ಯಾರ ಜೊತೆ ಮಾಲ್ಡೀವ್ಸಿಗೆ ಹೋದರು, ಯಾರ ಮೂಗು ರಾತ್ರೋರಾತ್ರಿ ನೆಟ್ಟಗಾಯಿತು, ಯಾರ ನಿಶ್ಚಿತಾರ್ಥದ ಉಂಗುರ ಬೆರಳಿನಿಂದ ಮಾಯವಾಯಿತು — ನಮಗೆ ಗೊತ್ತಿಲ್ಲದ ಮಾತಿರಲಿಲ್ಲ. ಅವರೆಲ್ಲ ನಮಗೆ ಬೀಗರಿದ್ದ ಹಾಗೆ. ಅಸಲಿ ಹೆಸರಿನಿಂದ ಯಾರನ್ನೂ ಕರೆಯುತ್ತಿರಲಿಲ್ಲ. ಗಡ್ಡ ಬಿಟ್ಟ ನಾಯಕ ಗಡ್ಡಪ್ಪ, ಅವನ ಜೋಡಿ ತಿರುಗುವ ದೊಡ್ಡ ಬೊಟ್ಟಿನವಳು ಟಿಕಳೆವ್ವ. ಅವರ ಹೆಸರು ಇಲ್ಲಿಯೂ ಹೇಳುವುದಿಲ್ಲ, ಇಬ್ಬರಿಗೂ ಈಗ ಬೇರೆ ಬೇರೆ ಕಡೆ ಮದುವೆಯಾಗಿ ಮಕ್ಕಳಿದ್ದಾರೆ.

ಗಿರಾಕಿಗಳೂ ಸುಮ್ಮನಿರುತ್ತಿರಲಿಲ್ಲ, ನಟಿಯ ಮದುವೆಯ ಫೋಟೋ ಫೋನಿನಲ್ಲಿ ಹಿಡಿದು ಬರುತ್ತಿದ್ದರು. "ಮಗಳಿಗೆ ಇಂಥಾದ್ದ ಸೀರಿ ಬೇಕ್ರಿ" ಎಂದ ಒಬ್ಬ ತಾಯಿಗೆ ನೀನು ಬಹಳ ಕಾಳಜಿಯಿಂದ ಹೇಳಿದ್ದೆ: "ಅಕ್ಕಾರ, ಈ ಸೀರಿ ಉಟ್ಟಾಕಿ ಆರ ತಿಂಗಳದಾಗ ಗಂಡನ್ನ ಬಿಟ್ಟಾಳ್ರಿ. ಬ್ಯಾರೇದ ತೋರಸ್ಲೇನ್ರಿ?" ಆ ತಾಯಿ ಮಗಳ ಕೈಹಿಡಿದು ಎದ್ದೇ ಹೋದಳು. ಮಾಲಕರು ದುಡ್ಡಿನ ಗಲ್ಲೆಯ ಮೇಲಿಂದ ಕಣ್ಣು ಕೆಕ್ಕರಿಸಿದರು. ನಾವು ರಾಶಿಯ ಹಿಂದೆ ಬಗ್ಗಿ ಬಾಯಿಗೆ ಓಢಣಿ ಒತ್ತಿಕೊಂಡು ನಕ್ಕೆವು.

ಇನ್ನು ಒಡಪು. ನಮ್ಮ ಕಡೆ ಮದುವೆಯಲ್ಲಿ, ಬಸುರಿಯ ಕುಬಸದಲ್ಲಿ, ಆರತಿಯ ಮುಂದೆ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಎರಡು ಸಾಲು ಪ್ರಾಸ ಕಟ್ಟಿ, ಅದರ ನಡುವೆ ಹೆಸರು ಕೂಡಿಸಿ ಹೇಳಬೇಕು. ನೀನು ಇನ್ನೂ ಮದುವೆಯಾಗದವಳು, ಹೇಳಲು ನಿನಗೆ ಗಂಡನ ಹೆಸರಿರಲಿಲ್ಲ. ಅದಕ್ಕೆ ನಟಿಯರ ಪರವಾಗಿ ಹೇಳುತ್ತಿದ್ದೆ! ಯಾರದಾದರೂ ಮದುವೆಯ ಸುದ್ದಿ ಬಂದರೆ ಸಾಕು, ಅಂಗಡಿಯ ಗೊಂಬೆಗೆ ಅಂಥದೇ ಸೀರೆ ಉಡಿಸಿ, ತಲೆಯ ಮೇಲೆ ಸೆರಗು ಹೊದಿಸಿ, ಅದರ ಹಿಂದೆ ನಿಂತು ನವವಧುವಿನ ದನಿ ತೆಗೆಯುತ್ತಿದ್ದೆ:

"ಹತ್ತ ಡಬ್ಬಿ ಪೌಡರ, ಮ್ಯಾಲ ಒಂದ ಟಿಕಳಿ,
ಗಡ್ಡಪ್ಪರಾಯರ ಗಡ್ಡದಾಗ ಸಿಕ್ಕೊಂಡೈತಿ ಚಕ್ಕಲಿ."

ಈಗಲೂ ಆತನ ಸಿನಿಮಾ ಬಂದರೆ ನನ್ನ ಕಣ್ಣು ಮೊದಲು ಗಡ್ಡಕ್ಕೆ ಹೋಗುತ್ತದೆ. ಎಷ್ಟು ನಗಿಸಿದೆ ನೀನು ನನ್ನನ್ನು! ಮನೆಯಲ್ಲಿ ನಗುವಂಥದ್ದೇನೂ ಇರದ ದಿನಗಳಲ್ಲಿ ನಾನು ಬೆಳಿಗ್ಗೆ ಎದ್ದು ಬೇಗ ಬೇಗ ತಯಾರಾಗುತ್ತಿದ್ದದ್ದು ಪಗಾರಕ್ಕಲ್ಲ, ಮಧ್ಯಾಹ್ನದ ಆ ಹೊತ್ತಿಗೆ.

ಆಗ ಯಮಕನಮರಡಿಯ ಸಂಬಂಧ ಬಂತು. ತಂದವಳು ಮಹಾನಂದಾ, ಅವಳನ್ನು ಅದೇ ಊರಿಗೆ ಕೊಟ್ಟಿತ್ತು. ಹುಡುಗ ಮಲ್ಲಿಕಾರ್ಜುನ, ಹೈವೇ ಬಾಜೂ ಲಾರಿ ಸಾಮಾನಿನ ಅಂಗಡಿ. ಫೋಟೋ ನನಗೆ ತೋರಿಸಿ, "ಹೀರೋ ಅಲ್ಲ ಬಿಡು. ಹೀರೋನ ಗೆಳ್ಯಾನ ಪಾತ್ರಕ್ಕ ನಡೀತೈತಿ" ಎಂದೆ. ಎಂದವಳು ಫೋಟೋ ವಾಪಸು ಕಸಿದುಕೊಂಡೆ. ನಿನಗೆ ಅವನು ಹಿಡಿಸಿದ್ದಾನೆ ಎಂದು ಆಗಲೇ ನನಗೆ ತಿಳಿಯಿತು.

ಜವಳಿ ತೆಗೆಯಲು ಎರಡೂ ಮನೆಯವರು ನಮ್ಮ ಅಂಗಡಿಗೇ ಬಂದರು. ಹುಡುಗನ ತಂಗಿ, ಇನ್ನಷ್ಟು ಸೀರೆಗಳ ಫೋಟೋ ಕಳಿಸಿರೆಂದು ನನ್ನ ನಂಬರು ತೆಗೆದುಕೊಂಡಳು. ಹುಡುಗನ ತಾಯಿಯನ್ನೂ ಅಂದು ನೋಡಿದೆ. ಮಗಳು ನಿನ್ನ ಮಾತಿಗೆ ಸ್ವಲ್ಪ ಜೋರಾಗಿ ನಕ್ಕದ್ದಕ್ಕೆ ಆಕೆ ಎಲ್ಲರೆದುರು ಗದರಿಸಿದಳು. ಅದನ್ನು ನಾನು ಕಂಡಿದ್ದೆ. ಇದನ್ನು ನೆನಪಿಡು.

ಮರುದಿನ ಮಧ್ಯಾಹ್ನ ಸೀರೆ ಮಡಚುತ್ತ ನಾನು ಕೇಳಿದೆ, "ಮಂದಿ ಗಂಡಂದಿರ ಹೆಸರ ಸಾಕು. ಈಗ ನಿಂದ ಹೇಳು." ನೀನು ನಾಚಲಿಲ್ಲ, ತಯಾರಾಗಿಯೇ ಬಂದಿದ್ದೆ:

"ಹೀರೋನ ಕಾಯಾಕ ನಾಕ ಬಾಡಿಗಾರ್ಡ, ಕರೇ ಕನ್ನಡಕ ಹಾಕ್ಕೊಂಡ,
ಮಲ್ಲಿಕಾರ್ಜುನರಾಯರನ್ನ ಕಾಯಾಕ ಅವರವ್ವ ಒಬ್ಬಾಕಿ ಸಾಕ, ಕೈಯಾಗ ಲಟ್ಟಣಿಗಿ ಹಿಡ್ಕೊಂಡ."

ನಕ್ಕು ನಕ್ಕು ನನ್ನ ಕೈಯ ಸೀರೆ ಜಾರಿ ಬಿತ್ತು. ಆದರೆ ಫೋನು ಜಾರಲಿಲ್ಲ — ಅದನ್ನು ರಾಶಿಯ ಮೇಲೆ ರೆಕಾರ್ಡಿಗೆ ಹಚ್ಚಿ ಇಟ್ಟಿದ್ದೆ. ನಿನಗೆ ಗೊತ್ತಿರಲಿಲ್ಲ. ಆಗ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಿನ್ನ ದನಿ ನನ್ನ ಬಳಿ ಇರಲಿ ಎಂದಷ್ಟೇ. "ನಿನ್ನೆ ಮಹಾನಂದಾಗೂ ಫೋನಿನ್ಯಾಗ ಹೇಳೇನಿ, ನಕ್ಕು ಸಾಕಾತ ಆಕಿಗೆ" ಎಂದೆ ನೀನು. ಆಮೇಲೆ, ಮಾತಿನ ಮಧ್ಯೆ, ಅಷ್ಟೇ ಹಗುರವಾಗಿ ಹೇಳಿದೆ: "ಲಗ್ನ ಆದಮ್ಯಾಲ ಈ ಕೆಲಸ ಬಿಡತೇನಿ. ಸೊಸಿ ಅಂಗಡ್ಯಾಗ ನಿಂದ್ರೂದು ಅತ್ತಿಗಿ ಸೇರಂಗಿಲ್ಲಂತ."

ಅಂದು ಸಂಜೆ ಹುಡುಗನ ತಂಗಿ ಒಂದು ಸೀರೆಯ ಫೋಟೋ ಕೇಳಿದಳು. ಕಳಿಸಿದೆ. ಅದರ ಕೆಳಗೆ ನಿನ್ನ ಒಡಪನ್ನೂ ಕಳಿಸಿದೆ.

ಬೆರಳು ತಪ್ಪಿ ಹೋಯಿತೆಂದು ಹೇಳಬಹುದು. ಹೋಗಲಿಲ್ಲ. ಹುಡುಗಿ ನಗುಮುಖದವಳು, ಕೇಳಿ ನಗುತ್ತಾಳೆ — ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಆದರೆ ತಾಯಿಯನ್ನು ನಾನು ನೋಡಿದ್ದೆನಲ್ಲ. ಮುರಿಯಲಿ ಎಂದು ಬಯಸಿದೆನೇ? ಅಷ್ಟು ನೇರವಾಗಿ ಅಲ್ಲ... ಒಂದು ಸಣ್ಣ ಮುನಿಸು, ಒಂದಿಷ್ಟು ತಡ, ನೀನು ಇನ್ನೊಂದು ದೀಪಾವಳಿಯವರೆಗೆ ಆ ತುದಿ ಹಿಡಿದು ನಿಲ್ಲಲಿ ಎಂದು — ಛೆ, ಎಷ್ಟು ಒಳ್ಳೆಯ ಮಾತುಗಳಲ್ಲಿ ಹೇಳಿದರೂ ಅದೇ. ನೀನು ಹೋಗುವುದು ನನಗೆ ಬೇಕಿರಲಿಲ್ಲ. ನಿನ್ನ ಸುಖಕ್ಕಿಂತ ನನ್ನ ಮಧ್ಯಾಹ್ನ ನನಗೆ ದೊಡ್ಡದಾಗಿತ್ತು.

ತಂಗಿಯ ಫೋನಿನಿಂದ ಅದು ತಾಯಿಯ ಕಿವಿಗೆ ಬಿತ್ತು. ಹುಡುಗನ ಕಡೆಯ ಹಿರಿಯರೊಬ್ಬರು ನಿಮ್ಮ ಮನೆಗೆ ಬಂದು, "ಲಗ್ನಕ್ಕ ಮೊದಲ ಅತ್ತಿ ಮ್ಯಾಲ ಒಡಪ ಕಟ್ಟೂ ಹುಡುಗಿ ನಮಗ ಬ್ಯಾಡ್ರಿ" ಎಂದು ಹೇಳಿ ಹೋದರು. ಹೇಗೆ ತಿಳಿಯಿತೆಂದು ಹೇಳಲಿಲ್ಲ. ಫೋನಿನಲ್ಲಿ ನಿನ್ನ ದನಿ ಇರುವ ವಿಷಯ ನಿಮ್ಮಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಹುಡುಗನ ತಂಗಿಯೂ ನನ್ನ ಹೆಸರೆತ್ತಲಿಲ್ಲ. ಎತ್ತಬೇಡವೆಂದು ನಾನೇ ಆಕೆಯನ್ನು ಬೇಡಿಕೊಂಡಿದ್ದೆ.

ನೀನು ಅಂಗಡಿಯ ಒಳಕೋಣೆಯಲ್ಲಿ ಸೀರೆಯ ಗಂಟುಗಳ ಮೇಲೆ ಕೂತು ಅತ್ತೆ. "ಯಾರ ಹೇಳಿರಬೇಕಬೇ ಶೋಭಿ?" ಎಂದೆ. ಹೇಳಲು ಅದೇ ಸರಿಯಾದ ಗಳಿಗೆಯಾಗಿತ್ತು. ನಾನು ಹೇಳಿದ್ದು ಇದು:

"ಮಹಾನಂದಾನ ಬಿಟ್ರ ಮತ್ತ ಯಾರಿಗೆ ಗೊತ್ತಿತ್ತ?"

ಕಳಿಸಿದ್ದು ಒಂದು ತಪ್ಪು. ಈ ಮಾತು ಅದಕ್ಕಿಂತ ಹೆಚ್ಚಿನದು. ಅದನ್ನು ಕೇಳಿ ನೀನು ಅಳು ನಿಲ್ಲಿಸಿದೆ. ಒಂದೇ ಕೌದಿಯಲ್ಲಿ ಮಲಗಿ ಬೆಳೆದವರು ನೀವಿಬ್ಬರು; ಒಂದು ಫೋನು ಮಾಡಿ ಕೇಳುತ್ತೀಯ ಎಂದು ಹೆದರಿದ್ದೆ. ನೀನು ಕೇಳಲಿಲ್ಲ. ನನ್ನ ಮಾತನ್ನು ಅಷ್ಟು ನಂಬಿದೆ.

ಆಮೇಲೆ ಮೂಡಲಗಿಯ ಬಸವರಾಜ ಬಂದರು. ಹಿಟ್ಟಿನ ಗಿರಣಿ, ದೊಡ್ಡ ನಗು. ನಿನ್ನ ಒಡಪುಗಳನ್ನು ಗಿರಾಕಿಗಳಿಗೆ ಕರೆದು ಕೇಳಿಸುವ ಮನುಷ್ಯ. ನಿನ್ನ ಮದುವೆಗೆ ಮಹಾನಂದಾಳನ್ನು ಕರೆಯಲಿಲ್ಲ. ಸೀರೆ ಉಡಿಸಿ ನಿನ್ನ ಬಾಜೂ ನಿಂತವಳು ನಾನು. ಅದು ಅವಳ ಜಾಗ. ನೀನು ಸುಖವಾಗಿದ್ದೀಯಲ್ಲ, ಇನ್ನೇಕೆ ಕೆದಕಬೇಕು ಎಂದು ಅಂದಿನಿಂದ ಮನಸ್ಸಿಗೆ ಹೇಳುತ್ತ ಬಂದೆ. ನಿನ್ನ ಸುಖ ಬಸವರಾಜರು ಕೊಟ್ಟದ್ದು. ಅದನ್ನು ನನ್ನ ಲೆಕ್ಕಕ್ಕೆ ಹಚ್ಚಿಕೊಳ್ಳುವ ಅಧಿಕಾರ ನನಗಿಲ್ಲ.

ಈಗಲೂ ಗಿರಣಿ ಬಂದಾದ ಮೇಲೆ ನೀನು ಫೋನು ಮಾಡುತ್ತೀಯ. ಮೊನ್ನೆ ಯಾವುದೋ ತಾರಾ ದಂಪತಿ ಬೇರೆಯಾದ ಸುದ್ದಿ ಬಂತು. ಅವಳದು ತಪ್ಪು, ಇಲ್ಲ ಅವನದೇ ಎಂದು ನಾವು ಜಗಳಾಡಿದೆವು. ಕೊನೆಗೆ ನೀನು, "ಇಬ್ಬರದೂ ಅಲ್ಲಬೇ. ನಡಕ ಯಾರೋ ಚಾಡಿ ಹೇಳ್ಯಾರ ನೋಡು. ಅಂಥಾವ್ರ ಬಾಯಾಗ ಹುಳಾ ಬೀಳಲಿ" ಎಂದು ನಕ್ಕೆ. ನಾನೂ ನಕ್ಕೆ. ಅಷ್ಟು ಅಭ್ಯಾಸವಾಗಿಬಿಟ್ಟಿದೆ.

ಎರಡು ದಿನದ ಹಿಂದೆ ಮಹಾನಂದಾ ಅಂಗಡಿಗೆ ಬಂದಿದ್ದಳು. ಹೊಸ ಮನೆ ಕಟ್ಟಿಸಿದ್ದಾಳಂತೆ, ಮನೆ ಹೊಗುವ ಕಾರ್ಯಕ್ಕೆ ಬಟ್ಟೆ ಬೇಕಿತ್ತು. ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿದೆ. ಅತ್ತೆಗೆ, ನಾದಿನಿಗೆ ಎಲ್ಲ ತೆಗೆದ ಮೇಲೆ ಇನ್ನೊಂದು ಸೀರೆ ಬೇಕೆಂದಳು. ಅದಕ್ಕೇ ಬಹಳ ಹೊತ್ತು ಹಿಡಿಯಿತು. ನೇರಳೆ ಬಣ್ಣ, ಸಣ್ಣ ಅಂಚು — ನಿನಗೆ ದೊಡ್ಡ ಅಂಚು ಸೇರುವುದಿಲ್ಲವೆಂದು ಅವಳಿಗೆ ನೆನಪಿದೆ. ಕಟ್ಟಿಸಿ ನನ್ನ ಕೈಯಲ್ಲಿ ಇಟ್ಟಳು.

"ಕಸ್ತೂರಿಗೆ ಕೊಡವಾ. ನಾ ಕೊಟ್ಟೇನಂತ ಹೇಳಬ್ಯಾಡ, ಉಡಂಗಿಲ್ಲ ಆಕಿ. ಆ ಸಂಬಂಧ ತಂದಾಕಿ ನಾನ ಅಲ್ಲ? ಸಿಟ್ಟ ಇರೂದು ಖರೆ ಐತಿ ಬಿಡು."

ಕಸ್ತೂರಿ, ಅವಳಿಗೆ ತನ್ನ ಮೇಲಿರುವ ಆರೋಪವೇ ಗೊತ್ತಿಲ್ಲ. ಹಾಳು ಸಂಬಂಧ ತಂದ ತಪ್ಪಿಗೆ ತಂಗಿಯಾದ ನೀನು ದೂರವಾದೆ ಎಂದುಕೊಂಡು, ಮಾಡದ ತಪ್ಪನ್ನು ಒಪ್ಪಿಕೊಂಡು, ಇಷ್ಟು ವರ್ಷ ಸುಮ್ಮನಿದ್ದಾಳೆ. ಆಗಲೂ ನಾನು, "ಹೂಂ, ಕೊಡತೇನ್ರಿ" ಎಂದೆ.

ನಾಳೆ ಬರುತ್ತೇನೆ. ಒಳಗೆ ಬರುವುದಿಲ್ಲ, ಕೂಡುವುದಿಲ್ಲ, ಹೊಸ್ತಿಲ ಹೊರಗೇ ನಿಂತು ಹೇಳುತ್ತೇನೆ. ಯಾಕೆ ಮಾಡಿದೆ ಎಂದು ಕೇಳುತ್ತೀಯ. ನಿನ್ನ ಮೇಲಿನ ಪ್ರೀತಿಗೆ ಎಂದು ಹೇಳುವುದಿಲ್ಲ, ನಾಲಗೆಯ ತುದಿಗೆ ಬಂದರೂ ನುಂಗಿಕೊಳ್ಳುತ್ತೇನೆ. ಬಯ್ಯಿ. ಇನ್ನು ಫೋನು ಮಾಡಬೇಡ ಎಂದರೆ ಮಾಡುವುದಿಲ್ಲ. ಹೇಗಿರುತ್ತೇನೋ ತಿಳಿಯದು, ಆದರೆ ಮಾಡುವುದಿಲ್ಲ. ಸೀರೆಯನ್ನು ಅವಳ ಹೆಸರು ಹೇಳಿಯೇ ಕೊಡುತ್ತೇನೆ. ಅಲ್ಲಿಂದ ಯಮಕನಮರಡಿಗೆ ಹೋಗಬೇಕು. ನೀನು ಅವಳನ್ನು ಬಿಟ್ಟದ್ದು ನನ್ನ ಮಾತು ಕೇಳಿ ಎಂದು ಮಹಾನಂದಾಳಿಗೂ ಹೇಳಬೇಕು.