ಕೇಳದೆ ಕೊಟ್ಟ ಹವಾಮಾನ

ಆಕಾಶ ನೋಡದೆ ನನ್ನ ಅಪ್ಪನಿಗೆ ಬೆಳಗಿನ ಚಹಾ ಇಳಿಯುತ್ತಿರಲಿಲ್ಲ. ಹೆಸರು ತಿರುಮಲೇಶ್ವರ, ಊರು ಕುಂಬಳೆ, ಕೆಲಸ ತಿರುವನಂತಪುರದ ವಿಮಾನ ನಿಲ್ದಾಣದ ಹವಾಮಾನ ಕೋಣೆಯಲ್ಲಿ. ಬೇರೆಯವರು "ಮಳೆ ಬರಬಹುದು" ಎಂದರೆ ಅಪ್ಪ "ಬರ್ತದೆ, ಮೂರೂವರೆಗೆ" ಎನ್ನುತ್ತಿದ್ದರು. ಬಾರದಿದ್ದರೆ ತಪ್ಪು ಮಳೆಯದು. ಅಮ್ಮ ಸುಶೀಲ ಮಾತ್ರ ಹಪ್ಪಳ ಒಣಗಿಸುವ ದಿನ ಅಪ್ಪನನ್ನು ಕೇಳದೆ ಪಕ್ಕದ ಮನೆಯವರನ್ನು ಕೇಳುತ್ತಿದ್ದಳು.

೧೯೫೮ರ ಏಪ್ರಿಲ್. ಅಪ್ಪನ ಕೆಲಸ ಕಾಯಂ ಆಗಲು ಇನ್ನು ಮೂರು ವಾರ ಉಳಿದಿತ್ತು. ಆಗ ನಮ್ಮ ದೇಶಕ್ಕೆ ಸ್ವಂತ ಜಲಾಂತರ್ಗಾಮಿ ಇರಲಿಲ್ಲ. ಬ್ರಿಟಿಷರದೊಂದು ನಮ್ಮವರ ಜೊತೆ ಅಭ್ಯಾಸಕ್ಕೆಂದು ಬಂದು ಕೊಚ್ಚಿಯ ಕಡೆಯ ಸಮುದ್ರದಲ್ಲಿತ್ತು. ನೌಕಾಪಡೆ, ವಾಯುಪಡೆ ಎರಡಕ್ಕೂ ಹವಾಮಾನ ಹೇಳುವುದು ಅಪ್ಪನ ಕೋಣೆಯ ಕೆಲಸ. ಹವಾಮಾನ ಕೇಳಲು ಇಬ್ಬರಿಗೂ ಬೇರೆ ಬೇರೆ ಫಾರಮ್ಮು. ಒಬ್ಬರು ಕೇಳಿದ್ದನ್ನು ಇನ್ನೊಬ್ಬರಿಗೆ ಹೇಳಕೂಡದು ಎಂದು ಅಪ್ಪ ರುಜು ಹಾಕಿಕೊಟ್ಟಿದ್ದರು. ಹೇಳಿದರೆ ಕೆಲಸ ಹೋಗುತ್ತದೆ, ಅಷ್ಟೆ.

ನಾನು ಹೇಳುವ ದಿನದ ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಆ ಜಲಾಂತರ್ಗಾಮಿ ನೀರಿನ ಮೇಲೆ ಬರಬೇಕು. ವಾಯುಪಡೆಯ ವಿಮಾನವೊಂದು ಅದರ ನೆತ್ತಿಯ ಮೇಲೆ ಸುತ್ತುತ್ತ ಕೊಚ್ಚಿಯವರೆಗೆ ಬೆಂಗಾವಲು ಬರಬೇಕು. ಮೇಲೆ ಬೆಂಗಾವಲು ಇದ್ದರೆ ಉಳಿದ ವಿಮಾನದವರಿಗೆ ಇದು ನಮ್ಮದು ಎಂದು ತಿಳಿಯುತ್ತದೆ. ಆದರೆ ಸರಿಯಾಗಿ ಹತ್ತಕ್ಕೆ ಗಾಳಿ ಏಳುತ್ತದೆ ಎಂದು ಬೆಳಿಗ್ಗೆ ಅಪ್ಪನೇ ಬರೆದು ಕಳಿಸಿದ್ದರು.

ಮಧ್ಯಾಹ್ನ ಒಂದಕ್ಕೆ ನೌಕಾಪಡೆಯ ಹೊಸ ಫಾರಮ್ಮು ಬಂತು. "ಉದ್ದೇಶ: ಜಲಾಂತರ್ಗಾಮಿ ಮೇಲೆ ಬರುವುದು, ಏಳು ಗಂಟೆ." ಅಪ್ಪನ ಗಾಳಿಗೆ ಹೆದರಿ ಮೂರು ಗಂಟೆ ಮುಂಚೆ ಮಾಡಿದ್ದರು. ಕಾಲು ಗಂಟೆ ಬಿಟ್ಟು ವಾಯುಪಡೆಯ ಫಾರಮ್ಮು ಬಂತು. ಜಾಗ ಅದೇ. "ಏಳರಿಂದ ಒಂಬತ್ತು, ನೀರಿನೊಳಗೆ ಸಿಡಿಯುವ ಬಾಂಬು ಹಾಕುವ ಅಭ್ಯಾಸ. ಹತ್ತಕ್ಕೆ ಬೆಂಗಾವಲು."

ಸಮಯ ಬದಲಾದ ಸುದ್ದಿ ಎರಡು ಮೇಜುಗಳ ನಡುವೆ ಎಲ್ಲೋ ಸಿಕ್ಕಿಬಿದ್ದಿತ್ತು. ಎಲ್ಲಿ ಎಂದು ಕೊನೆಯವರೆಗೂ ಯಾರೂ ಹೇಳಲಿಲ್ಲ. ಎರಡು ಕಾಗದವನ್ನೂ ಒಟ್ಟಿಗೆ ಕಂಡವರು ಇಡೀ ಕೇರಳದಲ್ಲಿ ನನ್ನ ಅಪ್ಪ ಒಬ್ಬರೇ. ಮೇಲಧಿಕಾರಿ ಮದುವೆಗೆಂದು ನಾಗರಕೋವಿಲಿಗೆ ಹೋಗಿದ್ದರು.

ಅಪ್ಪ ಊಟಕ್ಕೆ ಮನೆಗೆ ಬಂದರು. ಅಮ್ಮ ಎಲೆ ಹಾಕಿ, ತುದಿಗೆ ಉಪ್ಪು ಬಡಿಸಿದಳು. ಅಪ್ಪ ಉಪ್ಪನ್ನೇ ನೋಡುತ್ತ ಕೂತರು. ಒಂಬತ್ತು ವರ್ಷದ ನಾನು ಎದುರಿಗೇ ಇದ್ದೆ. ಅಪ್ಪ ಅಮ್ಮನ ಕಡೆ ತಿರುಗಿದರು.

"ಇವತ್ತು ಒಂದು ಕೆಲಸ ಮಾಡ್ಲಿಕ್ಕುಂಟು. ಮಾಡಿದ್ರೆ ಉದ್ಯೋಗ ಹೋದ್ರೂ ಹೋದೀತು. ಎಂತ ಹೇಳ್ತಿ?"

"ಮಾಡದಿದ್ರೆ ನಿಮಗೆ ನಿದ್ರೆ ಬರ್ತದಾ?"

"ಇಲ್ಲ."

"ಮತ್ತೆ ನನ್ನನ್ನು ಎಂತಕ್ಕೆ ಕೇಳುದು? ಸಾರು ಆರ್ತದೆ, ಉಣ್ಣಿ."

ಅಪ್ಪ ಉಂಡರು, ಎರಡು ಸಲ ಅನ್ನ ಹಾಕಿಸಿಕೊಂಡು. ಧೈರ್ಯ ಬಂದಾಗ ಅವರಿಗೆ ಹಸಿವೆ ಜಾಸ್ತಿ.

ಕಚೇರಿಗೆ ಹೋಗಿ ಎರಡು ಫಾರಮ್ಮನ್ನೂ ತುಂಬಿಸಿದರು. ವಾಯುಪಡೆಯದರಲ್ಲಿ ಕೇಳಿದ್ದೆಲ್ಲ ಬರೆದು, ಕೆಳಗೆ ಕೇಳದ ಒಂದು ಸಾಲು ಸೇರಿಸಿದರು: "ಅದೇ ಜಾಗ, ಏಳು ಗಂಟೆ. ಅಲೆಯ ಎತ್ತರ ಮೂರಡಿ, ನೀರಿನ ಮೇಲೆ ಇರುವವರಿಗೆ ಅನುಕೂಲ." ನೌಕಾಪಡೆಯದರಲ್ಲಿ: "ಅದೇ ಜಾಗ, ಏಳರಿಂದ ಒಂಬತ್ತು. ಮೋಡ ಎತ್ತರದಲ್ಲಿದೆ, ಮೇಲಿನಿಂದ ಗುರಿ ಇಡಲು ಅನುಕೂಲ." ಒಬ್ಬರ ಗುಟ್ಟು ಇನ್ನೊಬ್ಬರಿಗೆ ಹೇಳಲಿಲ್ಲ. ಹೇಳಿದ್ದು ಬರೀ ಹವಾಮಾನ. ನಾಲ್ಕಕ್ಕೆ ಎರಡನ್ನೂ ಕಳಿಸಿ, ವಾಯುಪಡೆಗೆ ಫೋನು ಮಾಡಿದರು.

"ವರದಿಯ ಕೊನೆಯ ಸಾಲು ಓದಿದಿರಾ ಸರ್?"

"ಅಲೆಯ ಎತ್ತರ ನಮಗೇಕೆ? ನಾವು ಕೇಳಲೇ ಇಲ್ಲವಲ್ಲ," ಎಂದ ಆ ಕಡೆಯ ಅಧಿಕಾರಿ.

"ಏಳು ಗಂಟೆಗೆ ಅಲ್ಲಿ ಯಾರಿಗಾದರೂ ಬೇಕಾಗುತ್ತದೆ ಸರ್."

ಆ ಕಡೆ ಕುರ್ಚಿ ಸರಿದ ಸದ್ದು. ಫೋನು ಕಟ್ಟಾಯಿತು.

ಅಪ್ಪ ಎದ್ದು ಗಾಳಿಯ ದಿಕ್ಕು ನೋಡಿದರು, ಕೂತರು, ಮತ್ತೆ ನೋಡಿದರು. ನಲವತ್ತು ನಿಮಿಷದಲ್ಲಿ ವಾಯುಪಡೆಯ ಇನ್ನೊಂದು ಫಾರಮ್ಮು ಬಂತು. ಬಾಂಬಿನ ಸಾಲು ಇರಲಿಲ್ಲ. "ಉದ್ದೇಶ: ಬೆಂಗಾವಲು, ಏಳು ಗಂಟೆ." ಅಪ್ಪ ಹಾಲಿಲ್ಲದ ಕಟ್ಟನ್ ಚಾಯ ತರಿಸಿ, ಜವಾನನಿಗೂ ಒಂದು ಕೊಡಿಸಿದರು.

ಮರುದಿನ ಏಳಕ್ಕೆ ಜಲಾಂತರ್ಗಾಮಿ ಎದ್ದಿತು, ವಿಮಾನ ನೆತ್ತಿಯ ಮೇಲಿತ್ತು. ಹತ್ತೂಕಾಲಿಗೆ ಗಾಳಿಯೂ ಎದ್ದಿತು. ಆ ಹದಿನೈದು ನಿಮಿಷಕ್ಕಾಗಿ ಅಪ್ಪ ತಿಂಗಳುಗಟ್ಟಲೆ ಬೇಜಾರು ಮಾಡಿಕೊಂಡಿದ್ದರು.

ನಾಲ್ಕನೆಯ ದಿನ ವಿಚಾರಣೆಗೆ ಕೊಚ್ಚಿಗೆ ಬರಬೇಕೆಂದು ಕರೆ. ವಿಲ್ಲಿಂಗ್ಡನ್ ದ್ವೀಪದ ಒಂದು ಕೋಣೆಯಲ್ಲಿ ಬಿಳಿ ಸಮವಸ್ತ್ರದ ನೌಕಾಪಡೆಯವರೊಬ್ಬರು, ನೀಲಿಯ ವಾಯುಪಡೆಯವರೊಬ್ಬರು, ಜೊತೆಗೆ ಅಪ್ಪನ ಇಲಾಖೆಯ ಸಾಹೇಬರು. ಎರಡು ಪಡೆಯವರೂ ಒಂದೇ ಮೇಜಿಗೆ ಕೂತಿದ್ದನ್ನು ಅಪ್ಪ ಕಂಡದ್ದು ಅದೇ ಮೊದಲು.

"ಯಾರೂ ಕೇಳದ ಹವಾಮಾನವನ್ನು ಏಕೆ ಕೊಟ್ಟಿರಿ?" ಎಂದರು ಬಿಳಿ ಸಮವಸ್ತ್ರದವರು.

"ನಮ್ಮ ಊರಲ್ಲಿ ಎಲೆ ಹಾಕಿದ ಮೇಲೆ ಉಪ್ಪು ಬಡಿಸುತ್ತಾರೆ ಸರ್. ಬೇಕಾ ಎಂದು ಕೇಳುವ ಕ್ರಮ ಇಲ್ಲ."

ನೀಲಿಯವರು ನಕ್ಕುಬಿಟ್ಟರು. ಬಿಳಿಯವರು ಅವರ ಮುಖ ನೋಡಿ, ತಾವೂ ನಕ್ಕರು. ಇಲಾಖೆಯ ಸಾಹೇಬರು ನಗಲಿಲ್ಲ. ಕಾಯಂ ಮಾಡುವುದಕ್ಕೆ ಅಡ್ಡಿಯಿಲ್ಲ, ಆದರೆ ಶಿಸ್ತು ಶಿಸ್ತೇ ಎಂದು ಅಲ್ಲೇ ಮೆಮೋ ಟೈಪು ಮಾಡಿಸಿ ಕೈಗಿತ್ತರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು. ಈಗಲೂ ನನಗೆ ಅವರ ಮೇಲೆ ಸಿಟ್ಟಿದೆ.

ಅಪ್ಪ ಮೆಮೋ ಮಡಚಿ ಜೇಬಿಗಿಟ್ಟು ಮಟ್ಟಾಂಚೇರಿಯ ದೋಣಿ ಹತ್ತಿದರು. ಮನೆಗೆ ಏಲಕ್ಕಿ ತರಬೇಕಿತ್ತು. ನಡುನೀರಿನಲ್ಲಿ ದೋಣಿ ನಿಂತಿತು. ಬಂದರಿನಿಂದ ಜಲಾಂತರ್ಗಾಮಿ ಹೊರಟಿತ್ತು, ಅದಕ್ಕೆ ದಾರಿ ಬಿಡಬೇಕು. ಅಪ್ಪ ಅದನ್ನು ಕಂಡದ್ದು ಅದೊಂದೇ ಸಲ. ಅದರ ಬೆನ್ನ ಮೇಲೆ ನಾವಿಕರು ಸಾಲಾಗಿ ನಿಂತಿದ್ದರು, ಎಳೆಯ ಮುಖಗಳು, ಬಿಸಿಲಿಗೆ ಕೆಂಪಾದವರು. ಒಬ್ಬ ದೋಣಿಯವರತ್ತ ಕೈ ಬೀಸಿದ. ಅವನಿಗೆ ಏನೂ ಗೊತ್ತಿರಲಿಲ್ಲ.

ಆ ಮೆಮೋ ನನ್ನ ಹತ್ತಿರ ಇದೆ. ಮುಂಬದಿಯಲ್ಲಿ ಕೇಳದ ಮಾಹಿತಿ ಕೊಡಬಾರದೆಂದು ಇಂಗ್ಲಿಷಿನಲ್ಲಿ ಹನ್ನೊಂದು ಸಾಲು ಬೈಗುಳ. ಹಿಂಬದಿಯಲ್ಲಿ, ದೋಣಿಯ ಅಲುಗಾಟಕ್ಕೆ ಸೊಟ್ಟಗಾದ ಅಪ್ಪನ ಅಕ್ಷರದಲ್ಲಿ ಹೀಗಿದೆ: "ಎಣಿಸಿದೆ. ಮೇಲೆ ನಿಂತವರೇ ಮೂವತ್ತೊಂದು ಜನ."