ದೊಡ್ಡಮ್ಮನ ಅಂಗಳಕ್ಕೆ ಕಾಲಿಟ್ಟವರು

ದೊಡ್ಡಮ್ಮ ಬಂದವರ ಮುಖ ನೋಡುತ್ತಿದ್ದುದು ಆಮೇಲೆ. ಮೊದಲು ನೋಡುತ್ತಿದ್ದುದು ಕಾಲು. ಅಂಗಳದ ತುದಿಯಲ್ಲಿ ಯಾರದೋ ನೆರಳು ಬಿದ್ದರೆ ಸಾಕು, ಇದ್ದಲ್ಲಿಂದಲೇ ಬಗ್ಗಿ, ಆ ಪಾದಕ್ಕೆ ಎಷ್ಟು ಧೂಳು ಹತ್ತಿದೆ ಎಂದು ಅಂದಾಜು ಮಾಡಿ ಒಳಗೆ ಹೋಗುತ್ತಿದ್ದಳು. ಬರುವಾಗ ಒಂದು ಕೈಯಲ್ಲಿ ತಣ್ಣೀರಿನ ಚೆಂಬು, ಇನ್ನೊಂದು ಕೈಯಲ್ಲಿ ಬಾಳೆಲೆಯ ತುಂಡಿನ ಮೇಲೆ ಬೆಲ್ಲ. ಬೆಳ್ಮಣ್ ಪೇಟೆಯಿಂದ ಬಂದವರಿಗೆ ಸಣ್ಣ ತುಂಡು. ಬಸ್ಸು ತಪ್ಪಿ ಪಡುಬಿದ್ರಿಯಿಂದಲೇ ನಡೆದು ಬಂದವರಿಗೆ ಲಿಂಬೆಹಣ್ಣಿನಷ್ಟು ದೊಡ್ಡದು. ಕಾರಿನಲ್ಲಿ ಬಂದವರಿಗೆ ಎಂತ ಮಾಡುತ್ತಾಳೆ ನೋಡುವ ಎಂದು ನಾವು ಮಕ್ಕಳು ಒಮ್ಮೆ ಕಾದು ಕೂತೆವು. ಅವರಿಗೂ ಕೊಟ್ಟಳು, ಉಗುರಿನಷ್ಟು.

ಅವಳು ನನ್ನ ಅಮ್ಮನ ಅಕ್ಕ. ನಮ್ಮಲ್ಲಿ ಮನೆ ಹೆಣ್ಣುಮಕ್ಕಳಿಗೆ ಬರುವುದಾದ್ದರಿಂದ ಬೆಳ್ಮಣ್‌ನಿಂದ ಒಂದು ಮೈಲಿ ಒಳಗಿದ್ದ ಆ ಮನೆ ಅವಳ ಹೆಸರಿನಲ್ಲೇ ಇತ್ತು. ಕಾಪುವಿನಲ್ಲಿದ್ದ ನನ್ನ ಅಮ್ಮನಿಗೆ ನಾವು ಐದು ಮಕ್ಕಳು. ಬೇಸಗೆ ರಜೆಗೆಂದು ನನ್ನೊಬ್ಬನನ್ನು ಕರೆದುಕೊಂಡು ಹೋದ ದೊಡ್ಡಮ್ಮ ಮತ್ತೆ ವಾಪಸು ಕಳುಹಿಸಲೇ ಇಲ್ಲ. ಎರಡನೇ ಕ್ಲಾಸಿನಿಂದ ಹೈಸ್ಕೂಲು ಮುಗಿಯುವ ತನಕ ನಾನು ಉಂಡದ್ದು ಅವಳ ಅಡುಗೆಮನೆಯಲ್ಲಿ. ಅವಳು ಮಾತಾಡಿದ್ದೆಲ್ಲ ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಅದರ ಅರ್ಧ ಖಾರ ಕಡಿಮೆಯಾಗುತ್ತದೆ. ನಾನು ಎಂತ ಮಾಡಲಿ?

ಬೆಲ್ಲ-ನೀರು ನಮ್ಮ ಕಡೆ ಎಲ್ಲ ಮನೆಯಲ್ಲೂ ಇತ್ತು, ದೊಡ್ಡಮ್ಮನೇನು ಕಂಡುಹಿಡಿದದ್ದಲ್ಲ. ಆದರೆ ಬೇರೆಯವರು ಬಂದವನು ಯಾರು ಎಂದು ನೋಡಿ ಕೊಡುತ್ತಿದ್ದರು. ಇವಳು ಕೊಟ್ಟ ಮೇಲೆ ನೋಡುತ್ತಿದ್ದಳು. ಒಮ್ಮೆ ಕೆಲಸದವರು ತೆಂಗಿನಕಾಯಿ ಕಳ್ಳನೊಬ್ಬನನ್ನು ರಟ್ಟೆ ಹಿಡಿದು ಅಂಗಳಕ್ಕೆ ಎಳೆದು ತಂದರು. ದೊಡ್ಡಮ್ಮ ಚೆಂಬು ಹಿಡಿದುಕೊಂಡೇ ಹೊರಗೆ ಬಂದಳು. ಕೆಲಸದವರಿಗೆ ಸಿಟ್ಟು ಬಂತು. "ಇದೆಂತ ಅಮ್ಮಾ, ಇವನು ಕಳ್ಳ!" ಎಂದರು. "ಗೊತ್ತುಂಟು ಮಾರಾಯ, ಬೈಯ್ಲಿಕ್ಕೆಂದೇ ಬಂದದ್ದು ನಾನು. ಬಾಯಿ ಒಣಗಿಸಿಕೊಂಡು ನಿಂತವನಿಗೆ ಬೈದರೆ ನನ್ನ ಬೈಗುಳ ಎಂತಕ್ಕೆ ಆಗ್ತದೆ?" ಎಂದಳು. ಅವನು ನೀರು ಕುಡಿದ. ಆಮೇಲೆ ಅವಳು ಬೈದದ್ದನ್ನು ನಾನು ಬರೆಯುವ ಹಾಗಿಲ್ಲ.

ಭೂಸುಧಾರಣೆಯ ಕಾಲದಲ್ಲಿ ನಮ್ಮ ಎರಡು ಗದ್ದೆ ಒಕ್ಕಲಿನವರ ಪಾಲಾಯಿತು. ಅಳೆಯಲಿಕ್ಕೆ ಬಂದ ಅಧಿಕಾರಿ ಬಿಸಿಲಿನಲ್ಲಿ ಸುಟ್ಟು ಕೆಂಪಾಗಿ, ಈ ಮನೆಯಲ್ಲಿ ತನಗೆ ಎಂತ ಕಾದಿದೆಯೋ ಎಂದು ಅಂಗಳದ ಅಂಚಿನಲ್ಲೇ ಹೆದರಿ ನಿಂತಿದ್ದರು. ಅವರಿಗೆ ಸಿಕ್ಕಿದ್ದು ಲಿಂಬೆಹಣ್ಣಿನ ಗಾತ್ರದ್ದು. "ಗದ್ದೆ ತೆಗೆದುಕೊಂಡು ಹೋಗ್ಲಿಕ್ಕೆ ಬಂದವರಿಗೆ ಅಷ್ಟು ದೊಡ್ಡದಾ?" ಎಂದು ಕಾಲೇಜು ರಜೆಗೆ ಬಂದಿದ್ದ ನಾನು ಕೇಳಿದ್ದಕ್ಕೆ, "ಗದ್ದೆ ಸರ್ಕಾರದ್ದಾದರೆ ಬಾಯಾರಿಕೆಯೂ ಸರ್ಕಾರದ್ದಾ?" ಎಂದು ನನ್ನ ತಲೆಗೆ ಒಂದು ಮೊಟಕಿದಳು.

ಬೆಲ್ಲ-ನೀರು ಸಿಗದೆ ಇದ್ದದ್ದು ಮನೆಯವರಿಗೆ ಮಾತ್ರ. ಶಾಲೆಯಿಂದ ಬಂದ ಒಂದು ದಿನ ನಾನು ನೆಂಟನ ಹಾಗೆ ಜಗಲಿಯಲ್ಲಿ ಕಾಲು ಚಾಚಿ ಕೂತು, ನನಗೂ ಬೇಕು ಎಂದು ಹಟ ಮಾಡಿದೆ. "ಮನೆಯವರಿಗೆ ಯಾರಾದರೂ ಬೆಲ್ಲ-ನೀರು ಕೊಡ್ತಾರಾ ಮರ್ಲಾ?" ಎಂದು ನಕ್ಕುಬಿಟ್ಟಳು. ಮರ್ಲ ಎಂದರೆ ಹುಚ್ಚ. "ಡಬ್ಬಿ ಅಲ್ಲೇ ಗೋಡೆಯ ಮಾಡದಲ್ಲಿ ಉಂಟು. ಕದ್ದು ತಿನ್ನು ಹೋಗು." ನಾನು ಧಾರಾಳವಾಗಿ ಕದ್ದೆ. ಹಿಂದಿನ ಬಾಗಿಲಿನಿಂದ ಅಡುಗೆಮನೆಗೆ ನುಗ್ಗುವುದು, ಕೈಗೆ ಸಿಕ್ಕಿದ್ದನ್ನು ತಿನ್ನುವುದು, ಕೇಳುವುದೆಂದರೇನೆಂದು ಆ ಮನೆಯಲ್ಲಿ ನನಗೆ ಗೊತ್ತೇ ಇರಲಿಲ್ಲ.

ಮುಂದೆ ನಾನು ಉಡುಪಿಯಲ್ಲಿ ಕಾನೂನು ಓದಿ, ಕುಕ್ಕುಂದೂರಿನಲ್ಲಿ ಒಂದು ಕೋಣೆ ಹಿಡಿದು, ಕಾರ್ಕಳದ ಹಿರಿಯ ವಕೀಲರೊಬ್ಬರ ಕೈಕೆಳಗೆ ಜೂನಿಯರ್ ಆಗಿ ಸೇರಿದೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕಪ್ಪು ಕೋಟು ಹೊಸದು, ರಕ್ತ ಬಿಸಿ, ಕೆಲಸ ಎಂದರೆ ಸೀನಿಯರ್ ಅವರ ಹಿಂದೆ ಫೈಲು ಹೊರುವುದು. ಆಗಲೇ ಬಂತು ನೋಡಿ, ನಮ್ಮದೇ ಮನೆಯ ಕೇಸು.

ದೊಡ್ಡಮ್ಮನ ಮಗ ಸದಾನಂದಣ್ಣ ಬೊಂಬಾಯಿಯ ಹೊಟೇಲು ಕೆಲಸ ಸಾಕಾಗಿ ಊರಿಗೆ ಮರಳಿದ್ದ. ಬಂದವನೇ ಮನೆಯ ಸುತ್ತ ಮುಳ್ಳುತಂತಿ ಎಳೆಸಿದ. ಗದ್ದೆಯ ಆಚೆ ಬೀಪಾತು ಅವರ ಮನೆ. ಬ್ಯಾರಿ ಭಾಷೆಯ ಬಡ ಸಂಸಾರ. ಅವರು ಬಸ್ಸಿಗೆ ಹೋಗುತ್ತಿದ್ದುದು ನಮ್ಮ ಅಂಗಳದ ಮೂಲಕವೇ. ತಂತಿ ಬಂದ ಮೇಲೆ ಆ ಮುದುಕಿ ಗದ್ದೆಯ ಅಂಚಿನ ಕಿರಿದಾದ ಹುಣಿಯ ಮೇಲೆ ಸುತ್ತು ಹಾಕಿ ಹೋಗಬೇಕಾಯಿತು. ಅವರ ಮಗ ಹಮೀದ ಒಂದು ಬೆಳಿಗ್ಗೆ ಇದನ್ನು ಮಾತಾಡಲೆಂದು ನಮ್ಮ ಮನೆಗೆ ಬಂದ. ಮಾತಿಗೆ ಮಾತು ಬೆಳೆಯಿತು. ಸದಾನಂದಣ್ಣ ನೇರ ಪೊಲೀಸ್ ಠಾಣೆಗೆ ಹೋಗಿ, ಹಮೀದ ಅತಿಕ್ರಮವಾಗಿ ಅಂಗಳಕ್ಕೆ ನುಗ್ಗಿ ಹೆದರಿಸಿದ ಎಂದು ದೂರು ಕೊಟ್ಟ. ಕಲಂ ನಾನೂರ ನಲವತ್ತೇಳು.

ದೊಡ್ಡ ಶಿಕ್ಷೆಯ ಕೇಸೇನೂ ಅಲ್ಲ. ಆದರೆ ಹಮೀದನಿಗೆ ಗಲ್ಫಿನಲ್ಲಿ ಕೆಲಸ ಸಿಕ್ಕಿತ್ತು. ಕೇಸು ಇರುವ ತನಕ ಪಾಸ್‌ಪೋರ್ಟಿನ ಪೊಲೀಸ್ ವಿಚಾರಣೆ ಮುಂದೆ ಹೋಗುವ ಹಾಗಿಲ್ಲ. ಇನ್ನೆರಡು ತಿಂಗಳು ತಡವಾದರೆ ಆ ಕೆಲಸ ಬೇರೆಯವನಿಗೆ. ಮನೆಯಲ್ಲಿ ಮದುವೆಯಾಗಬೇಕಾದ ಮೂವರು ತಂಗಿಯರು. ಹಮೀದ ನಮ್ಮ ಆಫೀಸಿನ ಬೆಂಚಿನಲ್ಲಿ ಕೂತು ಟೊಪ್ಪಿಯನ್ನು ಕೈಯಲ್ಲಿ ತಿರುಗಿಸುತ್ತ, "ನಾನು ಬೊಬ್ಬೆ ಹಾಕಿದ್ದು ಹೌದು ಸಾರ್, ನುಗ್ಗಿದ್ದಲ್ಲ" ಎಂದಷ್ಟೇ ಹೇಳುತ್ತಿದ್ದ. ಅವನೂ ನಾನೂ ಒಂದೇ ಶಾಲೆಯಲ್ಲಿ ಓದಿದವರು. ನನ್ನ ಸೀನಿಯರ್ ಅವನ ಪರ ವಕಾಲತ್ತು ಹಾಕಿದರು.

"ನುಗ್ಗಲಿಲ್ಲ ಅಂತ ಹೇಳ್ಲಿಕ್ಕೆ ಸಾಕ್ಷಿ ಯಾರುಂಟು ಮಾರಾಯ್ರೆ? ಅಲ್ಲಿದ್ದದ್ದು ದೂರು ಕೊಟ್ಟವನು, ಮತ್ತೆ ಅವನ ತಾಯಿ" ಎಂದು ಸೀನಿಯರ್ ಫೈಲು ಮುಚ್ಚಿದರು.

ನನ್ನ ಬಾಯಿ ಸುಮ್ಮನಿರಲಿಲ್ಲ. "ಸಾರ್, ಅವನ ತಾಯಿಯನ್ನು ಪಾಟೀಸವಾಲಿನಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ" ಎಂದೆ. ಬೆಲ್ಲ-ನೀರಿನ ಕಥೆ ಪೂರ್ತಿ ಹೇಳಿದೆ. ಕಾಲು ನೋಡುವುದು, ಧೂಳು ಅಳೆಯುವುದು, ತುಂಡಿನ ಗಾತ್ರ, ಎಲ್ಲ. ಸೀನಿಯರ್ ಮೇಜು ಕುಟ್ಟಿ ನಕ್ಕರು, ನನ್ನ ಬೆನ್ನು ತಟ್ಟಿದರು. ಹೊಸ ವಕೀಲನಿಗೆ ಇನ್ನೇನು ಬೇಕು? ಆ ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ದೊಡ್ಡಮ್ಮ ಸರ್ಕಾರದ ಕಡೆಯ ಸಾಕ್ಷಿಯಾಗಿ ಕಟಕಟೆ ಹತ್ತಿದಳು. ಕಾರ್ಕಳದ ಕೋರ್ಟನ್ನು ಅವಳು ನೋಡಿದ್ದೇ ಆವತ್ತು. ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ ಉಟ್ಟು ಬಂದಿದ್ದಳು. ಹಮೀದ ಬಂದದ್ದು ಹೌದು, ಬೊಬ್ಬೆ ಹಾಕಿದ್ದು ಹೌದು, "ನಮ್ಮವನೂ ಹಾಕಿದ" ಎಂದು ನೇರವಾಗಿ ಹೇಳಿದಳು. ಆಮೇಲೆ ನನ್ನ ಸೀನಿಯರ್ ಎದ್ದರು.

"ಅಮ್ಮಾ, ಇವನು ಅಂಗಳಕ್ಕೆ ಬಂದಾಗ ನೀವು ಮೊದಲು ಎಂತ ಮಾಡಿದಿರಿ?"

"ಎಂತ ಮಾಡುವುದು? ಬೆಲ್ಲ-ನೀರು ಕೊಟ್ಟೆ."

ಕೋರ್ಟಿನಲ್ಲಿ ಯಾರೋ ನಕ್ಕರು. ನ್ಯಾಯಾಧೀಶರೂ ಕನ್ನಡಕ ಸರಿಮಾಡಿಕೊಂಡರು.

"ಅವನು ಎಲ್ಲಿ ಕೂತು ಕುಡಿದ?"

"ಜಗಲಿಯಲ್ಲಿ. ನಾನೇ ಕೂತುಕೋ ಅಂದೆ."

ಅಲ್ಲಿಗೆ ಸಾಕಿತ್ತು. ಕರೆದು ಕೂರಿಸಿ ಬೆಲ್ಲ ಕೊಟ್ಟ ಮೇಲೆ ಅತಿಕ್ರಮ ಎಲ್ಲಿ ಉಳಿಯಿತು? ಆದರೆ ಸೀನಿಯರ್ ಅವರಿಗೆ ಹುರುಪು ಬಂದಿತ್ತು. "ದೊಡ್ಡ ತುಂಡಾ ಅಮ್ಮಾ, ಸಣ್ಣದಾ?" ಎಂದು ಕೇಳಿಬಿಟ್ಟರು.

ದೊಡ್ಡಮ್ಮ ಉತ್ತರ ಕೊಡುವ ಮೊದಲು ವಕೀಲರ ಸಾಲಿನಲ್ಲಿ ಕೂತಿದ್ದ ನನ್ನನ್ನು ನೋಡಿದಳು. ಈ ವಕೀಲರಿಗೆ ತನ್ನ ಬೆಲ್ಲದ ಅಳತೆ ಯಾರು ಹೇಳಿಕೊಟ್ಟದ್ದೆಂದು ಅವಳಿಗೆ ಆ ಕ್ಷಣಕ್ಕೆ ಗೊತ್ತಾಯಿತು. ಸಿಟ್ಟಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅವಳ ಮುಖದಲ್ಲಿದ್ದದ್ದು ನಾಚಿಕೆ, ಹತ್ತು ಜನರ ಎದುರು ತಲೆಯ ಸೆರಗು ಜಾರಿದಾಗಿನ ಹಾಗೆ. "ಸಣ್ಣದು," ಎಂದಳು, "ಅವನ ಮನೆ ಹತ್ತಿರವೇ ಉಂಟು."

ಹಮೀದ ಬಿಡುಗಡೆಯಾದ. ಪಾಸ್‌ಪೋರ್ಟ್ ಬಂತು. ಹೊರಡುವ ಮೊದಲು ಬಂದು ನಮ್ಮ ತಂತಿಯ ಆಚೆಯೇ ನಿಂತು "ಅಮ್ಮಾ" ಎಂದು ಕರೆದನಂತೆ. ಒಳಗೆ ಬರಲಿಕ್ಕೆ ಅವನಿಗೆ ಧೈರ್ಯ ಇರಲಿಲ್ಲ. ದೊಡ್ಡಮ್ಮ ಚೆಂಬನ್ನೂ ಬೆಲ್ಲವನ್ನೂ ತಂತಿಯ ಮೇಲಿಂದ ಕೊಟ್ಟು, ಅವನು ಕುಡಿದು ಮುಗಿಸುವ ತನಕ ಅಲ್ಲೇ ನಿಂತಳಂತೆ. ಇದನ್ನು ನನಗೆ ಹೇಳಿದ್ದು ಹಮೀದ. ಹೇಳುವಾಗ ಅವನ ಕಣ್ಣು ತುಂಬಿತ್ತು. ಸದಾನಂದಣ್ಣ ಮಾತ್ರ ಒಂದು ಇಡೀ ಮಳೆಗಾಲ ಹೆತ್ತ ತಾಯಿಯ ಹತ್ತಿರ ಮಾತಾಡಲಿಲ್ಲ. ಅವಳು ಬಡಿಸುತ್ತಿದ್ದಳು, ಅವನು ತಲೆ ತಗ್ಗಿಸಿ ಉಂಡು ಏಳುತ್ತಿದ್ದ.

ಕೇಸು ಮುಗಿದ ಮೇಲಿನ ಮೊದಲ ಭಾನುವಾರ ನಾನು ಬೆಳ್ಮಣ್‌ಗೆ ಹೋದೆ. ಎಂದಿನ ಹಾಗೆ ಹಿಂದಿನ ಬಾಗಿಲಿಗೆ ಸುತ್ತಿ ಬರುತ್ತಿದ್ದಾಗ ದೊಡ್ಡಮ್ಮ ಅಡ್ಡ ನಿಂತಳು. "ವಕೀಲರು ಬಂದರಾ? ಜಗಲಿಯಲ್ಲಿ ಕೂತುಕೊಳ್ಳಿ" ಎಂದಳು. ತಮಾಷೆ ಎಂದುಕೊಂಡು ಹೋಗಿ ಕೂತೆ. ಅವಳು ನನ್ನ ಕಾಲು ನೋಡಿದಳು. ಒಳಗೆ ಹೋದಳು. ಚೆಂಬು, ಬಾಳೆಲೆಯ ತುಂಡು, ಬೆಲ್ಲ ತಂದು ನನ್ನ ಪಕ್ಕದಲ್ಲಿಟ್ಟಳು. ಕಾರ್ಕಳದಿಂದ ಬಂದವನಲ್ಲವೇ, ತುಂಡು ದೊಡ್ಡದಿತ್ತು. ಅದನ್ನು ನುಂಗಲಿಕ್ಕೆ ನಾನು ಪಟ್ಟ ಪಾಡು ದೇವರಿಗೇ ಗೊತ್ತು.

ಹಾಗೆಂದು ಅವಳು ನನ್ನನ್ನು ದೂರ ಮಾಡಲಿಲ್ಲ. ಅದೇ ಊಟ, ಅದೇ ಹಲಸಿನ ಹಪ್ಪಳ, ಹೊರಡುವಾಗ ಚೀಲದಲ್ಲಿ ಅದೇ ಉಪ್ಪಿನಕಾಯಿ ಬಾಟ್ಲಿ. ನನ್ನ ಮದುವೆಯಲ್ಲಿ ಎಲ್ಲರಿಗಿಂತ ಹೆಚ್ಚು ಓಡಾಡಿದವಳು ಅವಳೇ. ಆದರೆ ಆ ಮನೆಗೆ ಹೋದಾಗಲೆಲ್ಲ ಮೊದಲು ಜಗಲಿ, ಮೊದಲು ಬೆಲ್ಲ-ನೀರು. ನನ್ನ ಹೆಂಡತಿ, "ಎಷ್ಟು ಮರ್ಯಾದೆ ಮಾಡ್ತಾರೆ ನಿಮ್ಮ ದೊಡ್ಡಮ್ಮ!" ಎಂದು ಖುಷಿಪಟ್ಟಳು. ನಾನು ಹೂಂ ಎಂದೆ. ಕೋರ್ಟಿನಲ್ಲಿ ಗಂಟೆಗಟ್ಟಲೆ ವಾದಿಸುವ ನನಗೆ, ಯಾಕೆ ದೊಡ್ಡಮ್ಮ ಎಂದು ಕೇಳಲಿಕ್ಕೆ ಐದಾರು ವರ್ಷ ಬಾಯಿ ಬರಲಿಲ್ಲ. ಒಬ್ಬ ಬಡವನಿಗೆ ಉಪಕಾರವೇ ಆಯಿತಲ್ಲ, ನಾನು ಹೇಳಿದ್ದು ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಳ್ಳುತ್ತಿದ್ದೆ.

ಕೊನೆಯ ಸಲ ಅವಳನ್ನು ನೋಡಿದ್ದು ಮಣಿಪಾಲದ ಆಸ್ಪತ್ರೆಯಲ್ಲಿ, ಒಂದು ಸಂಜೆ ನಾಲ್ಕು ಗಂಟೆಯ ಹೊತ್ತಿಗೆ. ಹೃದಯ ಸೋತಿತ್ತು, ಕಾಲು ಬಾತಿತ್ತು. ಸದಾನಂದಣ್ಣ ಕಾಫಿ ತರಲೆಂದು ಕೆಳಗೆ ಹೋಗಿದ್ದ. ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತು ನಾನು ಅವಳ ಪಾದ ಒತ್ತುತ್ತಿದ್ದೆ. ಅವಳೇ ಶುರುಮಾಡಿದಳು.

"ಆವತ್ತು ಹಮೀದ ಅಂಗಳದ ತುದಿಯಲ್ಲಿ ನಿಂತು ಅಮ್ಮಾ ಅಂತ ಕರೆದ. ನಾನು ಬಾ ಅಂದ ಮೇಲೆ ಬಂದ. ಅವನು ಕೇಳಿಯೇ ಬಂದದ್ದು ಮಗಾ. ನೀನು ಕೇಳ್ಲಿಲ್ಲ."

ನಾನು ಅವಳ ಇನ್ನೊಂದು ಪಾದವನ್ನು ಕೈಗೆ ತೆಗೆದುಕೊಂಡೆ.

"ಒಂದು ಮಾತು ಮನೆಗೆ ಬಂದು ಹೇಳಿದ್ದರೆ ಆಗ್ತಿತ್ತು, ಆ ಹುಡುಗನ ಹೊಟ್ಟೆಪಾಡು ಹೋಗ್ತದೆ ದೊಡ್ಡಮ್ಮ, ಎಂತ ಮಾಡುವ ಅಂತ. ಸದಾನಂದನ ಕಿವಿ ಹಿಂಡಿ ಕಂಪ್ಲೇಂಟು ನಾನೇ ವಾಪಸು ತೆಗೆಸ್ತಿದ್ದೆ. ಹತ್ತು ಜನರ ಎದುರು ಹೆತ್ತ ಮಗನನ್ನು ಸುಳ್ಳ ಮಾಡಿಸಿದೆಯಲ್ಲ ನನ್ನ ಕೈಯಿಂದ."

ಅವಳು ಹೇಳಿದ್ದು ಬರೀ ಮನೆಯ ಮಾತಲ್ಲ, ಕಾನೂನಿನ ಮಾತೂ ಹೌದು. ನಾನೂರ ನಲವತ್ತೇಳು ರಾಜಿಗೆ ಬರುವ ಕಲಂ. ಜಾಗ ಯಾರ ಸ್ವಾಧೀನದಲ್ಲಿದೆಯೋ ಅವರು ರಾಜಿ ಎಂದರೆ ಕೇಸು ಅಲ್ಲಿಗೇ ಮುಗಿಯುತ್ತದೆ. ಆ ಮನೆ, ಆ ಅಂಗಳ, ಆ ಜಗಲಿ ಎಲ್ಲ ಇದ್ದದ್ದು ಅವಳ ಹೆಸರಿನಲ್ಲಿ. ಅವಳ ಒಂದು ಹೆಬ್ಬೆಟ್ಟು ಸಾಕಿತ್ತು. ಹಮೀದನೂ ಹೋಗುತ್ತಿದ್ದ, ಮಗನ ಮರ್ಯಾದೆಯೂ ಉಳಿಯುತ್ತಿತ್ತು. ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ನಾನು ಉದ್ದ ಉತ್ತರ ಬರೆದಿದ್ದೆ.

"ನಿನ್ನನ್ನು ಕೇಳಬೇಕು ಅಂತ ನನಗೆ ತೋಚಲೇ ಇಲ್ಲ ದೊಡ್ಡಮ್ಮ" ಎಂದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ.

"ತೋಚಲಿಕ್ಕಿಲ್ಲ," ಎಂದಳು. ಸೂಜಿ ಚುಚ್ಚಿದ್ದ ಕೈಯನ್ನು ಕಷ್ಟಪಟ್ಟು ಎತ್ತಿ ನನ್ನ ತಲೆಯ ಮೇಲಿಟ್ಟಳು. "ನಾನೂ ಎಷ್ಟೋ ಸಲ ಯೋಚನೆ ಮಾಡಿದೆ ಮಗಾ. ಮನೆಯವರು ಯಾರಾದರೂ ಕೇಳಿ ಮಾಡ್ತಾರಾ?"

ಸದಾನಂದಣ್ಣ ಕಾಫಿ ಹಿಡಿದುಕೊಂಡು ಬಂದ. ನಾನು ಕಣ್ಣು ಒರೆಸಿಕೊಂಡು ಎದ್ದು ಅವನಿಗೆ ಸ್ಟೂಲು ಬಿಟ್ಟುಕೊಟ್ಟೆ. ಅದೇ ವಾರ ದೊಡ್ಡಮ್ಮ ಹೋದಳು.